ಮೂರು ದಿನದ ಊರು, ಮೂರು ದಶಕದ ಬೀದಿ

ಮಾನ್ಯ ಸಭಿಕರೇ,

ಹೊಸ ವಿಡಿಯೋ ಗೇಮ್ ಬಂದಾಗಲೆಲ್ಲ ಅದರೊಳಗಿನ ನಗರ ಎಷ್ಟು ದೊಡ್ಡದು ಎಂಬುದನ್ನೇ ಪ್ರಚಾರದಲ್ಲಿ ಮುಂದಿಡುತ್ತಾರೆ. ನನಗೆ ತುಂಬ ಪ್ರಿಯವಾದ ಎರಡು ಊರುಗಳಾದರೋ ತೀರ ಚಿಕ್ಕವು. ನಕ್ಷೆಯ ಹಂಗಿಲ್ಲದೆ ಅಡ್ಡಾಡಬಹುದಾದ ಈ ಊರುಗಳಲ್ಲಿ ನೋಡಿ ಮುಗಿಸಲಾಗದ್ದು ಒಂದೇ: ಅಲ್ಲಿ ಕಾಲ ಸರಿಯುವ ರೀತಿ.

ಮೊದಲನೆಯದು, ಜೆಲ್ಡಾ ಸರಣಿಯಲ್ಲಿ 2000ದಲ್ಲಿ ನಿಂಟೆಂಡೊ 64 ಎಂಬ ಗೇಮ್ ಯಂತ್ರಕ್ಕಾಗಿ ಬಂದ ‘ಮಜೋರಾಸ್ ಮಾಸ್ಕ್’ ಗೇಮಿನ ಕ್ಲಾಕ್ ಟೌನ್. ಹಿಂದಿನ ಗೇಮಿಗೆಂದು ರೂಪಿಸಿದ್ದ ಪಾತ್ರಗಳ ಆಕೃತಿಗಳನ್ನೇ ಮತ್ತೆ ಬಳಸಿಕೊಂಡು, ಸುಮಾರು ಒಂದು ವರ್ಷದ ಬಿಗಿ ಅವಧಿಯಲ್ಲಿ ಇದನ್ನು ಕಟ್ಟಿದರು. ವಿಸ್ತಾರಕ್ಕೆ ವ್ಯವಧಾನವಿಲ್ಲದಾಗ ಒಂದೇ ಜಾಗವನ್ನು ಆಳವಾಗಿ ಅಗೆದರು ಎನ್ನಬಹುದು. ನಡುವೆ ಗಡಿಯಾರದ ಗೋಪುರ, ನಾಲ್ಕು ದಿಕ್ಕಿಗೆ ನಾಲ್ಕು ಕೇರಿ, ಒಂದು ವಸತಿಗೃಹ, ಒಂದು ಅಂಚೆ ಕಚೇರಿ, ಒಂದು ಬ್ಯಾಂಕು. ಊರಹಬ್ಬಕ್ಕೆ ಮೂರೇ ದಿನ ಉಳಿದಿದ್ದು, ಆಕಾಶದಲ್ಲಿ ಹಲ್ಲು ಕಿರಿದ ಚಂದ್ರ ಗಳಿಗೆಗಳಿಗೆಗೂ ಕೆಳಗಿಳಿಯುತ್ತಿದ್ದಾನೆ. ಆ ಮೂರು ದಿನಗಳು ನಮ್ಮ ಗಡಿಯಾರದಲ್ಲಿ ಸುಮಾರು 54 ನಿಮಿಷ. ಚಂದ್ರ ಬೀಳುವ ಮುನ್ನ ನಾಯಕ ಲಿಂಕ್ ಒಕರಿನಾ ಎಂಬ ಊದುವಾದ್ಯ ನುಡಿಸಿ ಮೊದಲ ದಿನದ ಮುಂಜಾನೆಗೆ ಮರಳಿದರೆ ಊರಿಗೆ ಊರೇ ನಡೆದದ್ದನ್ನು ಮರೆತಿರುತ್ತದೆ. ಬ್ಯಾಂಕಿನಲ್ಲಿಟ್ಟ ಹಣ ಮಾತ್ರ ಹಾಗೆಯೇ ಇರುತ್ತದೆ, ಅದು ಹೇಗೆಂದು ಕೇಳಬಾರದು.

ಮರೆಯದವನು ಆಟಗಾರನೊಬ್ಬನೇ. ಆದ್ದರಿಂದಲೇ ಅವನು ಬರಬರುತ್ತ ಯಾರು ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆಂದು ಬಲ್ಲ, ಆ ಊರಿನ ಹಳೆಯ ತಲೆಯಂತಾಗುತ್ತಾನೆ. ಚಂದ್ರ ಬಿದ್ದರೆ ಕತ್ತರಿಸಿ ಹಾಕುತ್ತೇನೆಂದು ಜಂಬ ಕೊಚ್ಚುವ ಕತ್ತಿವರಸೆಯ ಗುರು ಕೊನೆಯ ರಾತ್ರಿ ಹಿಂದಿನ ಕೋಣೆಯಲ್ಲಿ ಮುದುಡಿ ಕುಳಿತಿರುತ್ತಾನೆ. ಅಂಚೆಯವನಿಗೆ ಓಡಿಹೋಗುವ ಆಸೆಯಿದೆ, ಆದರೆ ಓಡಿಹೋಗುವುದು ಅವನ ವೇಳಾಪಟ್ಟಿಯಲ್ಲಿ ಇಲ್ಲ! ಇದನ್ನು ಕಂಡು ಮೊದಲ ಸಲ ನಕ್ಕಿದ್ದ ನಾನು ಎರಡನೆಯ ಸಲ ನಗಲಿಲ್ಲ. ಇನ್ನೂ ಕಠಿಣವಾದದ್ದು ಬಾಂಬು ಮಾರುವ ಅಂಗಡಿಯ ಅಜ್ಜಿಯ ಪ್ರಸಂಗ. ಮೊದಲ ರಾತ್ರಿ ಕಳ್ಳನೊಬ್ಬ ಆಕೆಯ ಗಂಟನ್ನು ಕಸಿಯುತ್ತಾನೆ, ನಾವು ತಡೆಯಬಹುದು. ತಡೆದರೆ ಆ ಕಳ್ಳ ಕದ್ದ ಮಾಲು ಮಾರಲು ಊರಿನ ಇನ್ನೊಂದು ಅಂಗಡಿಗೆ ಬರುವುದೇ ಇಲ್ಲ, ಹಾಗಾಗಿ ಅವನ ಜಾಡು ಹಿಡಿದು ಕಾಯುತ್ತಿದ್ದ ಕಾಫೆಯ್ ಎಂಬ ಯುವಕ ಆ ಮೂರು ದಿನಗಳಲ್ಲಿ ತನ್ನ ವಾಗ್ದತ್ತೆ ಅಂಜುವನ್ನು ಸೇರಲಾರ. ಒಂದೇ ಸುತ್ತಿನಲ್ಲಿ ಅಜ್ಜಿಗೂ ಪ್ರೇಮಿಗಳಿಗೂ ನೆರವಾಗಲು ಸಾಧ್ಯವಿಲ್ಲ. ನಗರವನ್ನು ಕಟ್ಟುವ ಗೇಮುಗಳು ಹಲವು ಇವೆ. ಊರಿನಲ್ಲಿ ಒಬ್ಬರ ಬದುಕು ಇನ್ನೊಬ್ಬರ ಬದುಕಿಗೆ ಹೀಗೆ ತೊಡರಿಕೊಂಡಿರುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೆಯದು, ಜಪಾನಿನ ಭೂಗತ ತಂಡಗಳ ಕಥೆ ಹೇಳುವ, ಸೆಗಾ ಸಂಸ್ಥೆಯ ‘ಯಾಕುಜಾ’ ಸರಣಿಯ ಕಾಮುರೊಚೊ. ಟೋಕಿಯೊದ ಶಿಂಜುಕುವಿನಲ್ಲಿರುವ ಕಾಬುಕಿಚೊ ಎಂಬ ರಾತ್ರಿಬೀದಿಗಳ ಬಡಾವಣೆಯೇ ಇದರ ಮಾದರಿ. ಅಲ್ಲಿನ ಕೆಂಪು ದೀಪದ ಕಮಾನು ಕೂಡ ಹೆಸರು ಬದಲಿಸಿಕೊಂಡು ಇಲ್ಲಿ ನಿಂತಿದೆ. ಕ್ಲಾಕ್ ಟೌನ್ ಮೂರು ದಿನಗಳನ್ನೇ ಮರಳಿ ಮರಳಿ ಬದುಕಿದರೆ, ಕಾಮುರೊಚೊ 2005ರ ಮೊದಲ ಗೇಮಿನಿಂದೀಚೆಗೆ ಒಂದೊಂದು ಗೇಮಿಗೂ ವಯಸ್ಸಾಗುತ್ತ ಬಂದಿದೆ. ಅವೇ ಓಣಿಗಳು, ಅವೇ ತಿರುವುಗಳು. ಆದರೆ ವಸತಿಹೀನರು ಮಲಗುತ್ತಿದ್ದ ಪಾರ್ಕಿನ ಜಾಗದಲ್ಲಿ ಮುಂದೆ ಮಳಿಗೆಗಳ ದೊಡ್ಡ ಕಟ್ಟಡ ಎದ್ದು ನಿಲ್ಲುತ್ತದೆ. ಕಥೆ ಕೆಲವೊಮ್ಮೆ ಅತಿರಂಜಿತ, ಹೊಡೆದಾಟ ಅಗತ್ಯಕ್ಕಿಂತ ಹೆಚ್ಚು. ಬೀದಿ ಮಾತ್ರ ನಂಬುವಂಥದ್ದು.

2015ರಲ್ಲಿ ಬಂದ ‘ಯಾಕುಜಾ 0’ ಆಟಗಾರರನ್ನು 1988ಕ್ಕೆ ಕರೆದೊಯ್ಯಿತು. ಜಪಾನಿನಲ್ಲಿ ನೆಲದ ಬೆಲೆ ಹುಚ್ಚೆದ್ದಿದ್ದ ಕಾಲವದು. ಇಡೀ ಕಥೆಯ ಜಗಳ ನಡೆಯುವುದು ಕಟ್ಟಡಗಳ ನಡುವೆ ಸಿಕ್ಕಿಕೊಂಡ, ನಾಲ್ಕು ಹೆಜ್ಜೆ ಅಗಲದ ಒಂದು ಖಾಲಿ ಜಾಗಕ್ಕಾಗಿ. ಆ ಹೊತ್ತಿಗೆ ಹತ್ತು ವರ್ಷಗಳಿಂದ ಕಾಮುರೊಚೊದಲ್ಲಿ ಓಡಾಡಿದ್ದ ಆಟಗಾರರು ತಲೆಯೆತ್ತಿ, ತಮಗೆ ಚೆನ್ನಾಗಿ ಪರಿಚಯವಿದ್ದ ಮಿಲೇನಿಯಂ ಟವರನ್ನು ಆಕಾಶದಲ್ಲಿ ಹುಡುಕಿದರು. ಅದನ್ನು ಇನ್ನೂ ಕಟ್ಟಿರಲಿಲ್ಲ.