ಹಮಾಲರ ಮಾಲೀಕ ಯಾರು?

(ದೃಶ್ಯ: ಅಮರಗೋಳ ಎಪಿಎಂಸಿ, ಬೆಳಗಿನ ಹೊತ್ತು. ಉಳ್ಳಾಗಡ್ಡಿ ಲಾರಿಗಳ ಸಾಲು.)

ನಮಸ್ಕಾರ್ರಿ. ಇದು ಹುಬ್ಬಳ್ಳಿ-ಧಾರವಾಡ ನಡುವಿನ ಅಮರಗೋಳ ಮಾರುಕಟ್ಟೆ. ಲಾರಿ ತುಂಬ ಉಳ್ಳಾಗಡ್ಡಿ ಬಂದಿದೆ. ರೈತರಿದ್ದಾರೆ, ದಲಾಲರಿದ್ದಾರೆ, ಖರೀದಿದಾರರಿದ್ದಾರೆ, ಸವಾಲು ಕೂಗೋರೂ ಇದ್ದಾರೆ. ಇವತ್ತು ಹಮಾಲರು ಚೀಲಕ್ಕೆ ಕೈ ಹಚ್ಚಲ್ಲ ಅಂದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಅದೇ ನೋಡಿ ವಿಷಯ. ಮಾಲು ಲಾರಿಯಿಂದ ಇಳಿಯುವುದಿಲ್ಲ, ಕಾಂಟಾ ಏರುವುದಿಲ್ಲ, ತೂಕ ಆಗದೆ ಪಟ್ಟಿ ಬರೆಯೋಕೆ ಬರುವುದಿಲ್ಲ. ಸಂಜೆಗೆ ಉಳ್ಳಾಗಡ್ಡಿ ಬೆವರೋಕೆ ಶುರುವಾಗುತ್ತದೆ.

ನಮ್ಮ ಸೋದರಮಾವ ಇಪ್ಪತ್ತು ವರ್ಷ ಹಮಾಲಿ ಮಾಡಿದವರು. ಅವರ ಹೆಗಲ ಮೇಲೆ ಒಂದು ಗಂಟು ಇತ್ತು. ಚಿಕ್ಕವನಿದ್ದಾಗ ನಾನು ಅದನ್ನು ಒತ್ತಿ ಒತ್ತಿ ಆಡುತ್ತಿದ್ದೆ. ಒಮ್ಮೆ ಸುಮ್ನೆ ಕೇಳಿದೆ, "ಮಾಮಾ, ನಿಮ್ಮ ಮಾಲಕರು ಯಾರು?" ಅಂತ. "ಹೊತ್ತಾಗ ಚೀಲ ಯಾರ್ದೋ ಅವ್ನ ಮಾಲಕ. ಇಳಿಸಿದ ಮ್ಯಾಲ ಯಾರೂ ಇಲ್ಲೋ ತಮ್ಮಾ" ಅಂದರು. ನಗೆಮಾತು ಅಂದುಕೊಂಡಿದ್ದೆ. ಈಗ ನೋಡಿದರೆ ಹಮಾಲರ ಹೋರಾಟದ ಗಂಟು ಇರೋದೇ ಆ ಮಾತಲ್ಲಿ.

2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಬಸ್ ನಿಲ್ಲಿಸಿ 6ನೇ ವೇತನ ಆಯೋಗದ ಪಗಾರ ಕೇಳಿದ್ದು ನೆನಪಿದೆ ಅಲ್ವಾ? ಅವರಿಗೆ ಎಷ್ಟು ಸಿಕ್ಕಿತು ಬಿಟ್ಟಿತು ಅನ್ನೋದು ಬೇರೆ ಕಥೆ, ಆದರೆ ಯಾರನ್ನು ಕೇಳಬೇಕು ಅನ್ನೋದಾದರೂ ಗೊತ್ತಿತ್ತು. ನಮ್ಮ ಭಾಗದ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇಲ್ಲೇ ಗೋಕುಲ ರೋಡಿನಲ್ಲಿದೆ. ಹಮಾಲರು ಯಾವ ಬಾಗಿಲಿಗೆ ಹೋಗಬೇಕು? ಲೈಸೆನ್ಸ್ ಕೊಡೋದು ಎಪಿಎಂಸಿ, ಆದರೆ ಅದು ಪಗಾರ ಕೊಡುವುದಿಲ್ಲ. ದುಡ್ಡು ಬರೋದು ಅಂಗಡಿಯಿಂದ. ಬೆಳಿಗ್ಗೆ ಒಂದು ಅಂಗಡಿ, ಮಧ್ಯಾಹ್ನ ಇನ್ನೊಂದು. ಹೀಗಾಗಿ ಪಿಎಫ್, ಗ್ರ್ಯಾಚುಟಿ, ಬೋನಸ್ ಅಂತ ಕೇಳಿದರೆ ಪ್ರತಿಯೊಬ್ಬರೂ "ಅವ ನಮ್ಮ ಆಳಲ್ಲ" ಅಂತಾರೆ.

ಇನ್ನು ದರ. ಲೆಕ್ಕಕ್ಕೆ ಅಂತ ಚೀಲಕ್ಕೆ 10 ರೂಪಾಯಿ ಹಿಡಿಯೋಣ. 100 ಚೀಲಕ್ಕೆ 1,000. ಕೇಳೋಕೆ ಚೆನ್ನಾಗಿದೆ. ಆದರೆ ಅದು ಟೋಳಿಯ ದುಡ್ಡು, ನಾಲ್ಕು ಜನ ಹಂಚಿಕೊಳ್ಳಬೇಕು. ಮಳೆ ಹಿಡಿದ ದಿನ ಸೊನ್ನೆ. ರೇಟು ಬಿತ್ತು ಅಂತ ರೈತ ಮಾಲು ತರದ ದಿನವೂ ಸೊನ್ನೆ. ನಾಲ್ಕು ವರ್ಷ ಅದೇ 10 ರೂಪಾಯಿ ಉಳಿದು, ಅಷ್ಟರಲ್ಲಿ ಜೋಳ, ಎಣ್ಣೆ, ಮನೆ ಬಾಡಿಗೆ ಏರಿದವು ಅಂದರೆ ಯಾರೂ ಕೈ ಹಾಕದೆ ಕೂಲಿ ಕಡಿತ ಆದ ಹಾಗೆಯೇ.

(ದೃಶ್ಯ: ರೈತನ ಕೈಯಲ್ಲಿ ಲೆಕ್ಕಪಟ್ಟಿ. ಹಮಾಲಿ ಬರೆದ ಸಾಲು ಹತ್ತಿರದಿಂದ.)

ಹಮಾಲರು ದರ ಹೆಚ್ಚಿಸಿ ಅಂದ ಕೂಡಲೇ ಒಂದು ಮಾತು ಬರುತ್ತದೆ: "ಪಾಪ, ರೈತನಿಗೆ ಹೊರೆ ಆಗ್ತದ." ಇದು ಪೂರ್ತಿ ಸುಳ್ಳಲ್ಲ, ಅದಕ್ಕೇ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಮಾಲು ಇಳಿಸುವ ಹಮಾಲಿ, ಅಂದರೆ ಹಮಾಲರ ಕೂಲಿ, ಸಾಮಾನ್ಯವಾಗಿ ರೈತರ ಪಟ್ಟಿಯಲ್ಲೇ ಕಡಿತವಾಗುತ್ತದೆ. ಮಾರಾಟ ಆದ ಮೇಲೆ ಲಾರಿಗೆ ತುಂಬುವ ಹಮಾಲಿ ಖರೀದಿದಾರರದ್ದು. ಹಾಗಾದರೆ ಹೆಚ್ಚಳವನ್ನು ತುಂಬುವ ಕಡೆ ಹಾಕಿ ಅಂತ ಕೇಳಬಹುದಲ್ಲ? ಹಮಾಲರ ಸಂಘ ಇದನ್ನು ರೈತ ಸಂಘದ ಮುಂದೆ ಮೊದಲೇ ಕೂತು ಮಾತಾಡಿಕೊಳ್ಳದಿದ್ದರೆ ಬಂದ್ ಮೂರನೇ ದಿನಕ್ಕೆ ಮುರಿಯುತ್ತದೆ. ಕೊಳೆಯುವ ಉಳ್ಳಾಗಡ್ಡಿ ಹಿಡಿದುಕೊಂಡು ನಿಂತ ರೈತ ಹಮಾಲರನ್ನೇ ಬೈಯುತ್ತಾನೆ, ಬೈಯೋದರಲ್ಲಿ ತಪ್ಪೂ ಇಲ್ಲ. ಹೆಚ್ಚಿನ ಹಮಾಲರೂ ಹಳ್ಳಿಯಿಂದ ಬಂದವರೇ, ಕೆಲವರಿಗೆ ಎರಡು ಎಕರೆ ಒಣ ಹೊಲವೂ ಇರುತ್ತದೆ. ಒಂದೇ ಮನೆಯ ಇಬ್ಬರು ಜಗಳ ಆಡಿದ ಹಾಗೆ ಆಗುತ್ತದೆ, ಮೂರನೆಯವರು ಗದ್ದಿಗೆ ಮೇಲೆ ಕೂತು ಚಹಾ ಕುಡಿಯುತ್ತಾರೆ.

ಯಾವಾಗ ಕೆಲಸ ನಿಲ್ಲಿಸಬೇಕು ಅನ್ನೋದೂ ದೊಡ್ಡ ಲೆಕ್ಕ. ಮಾಲು ಇಲ್ಲದ ಜೂನ್‌ನಲ್ಲಿ ಬಂದ್ ಮಾಡಿದರೆ ಅದು ರಜೆ. ಹತ್ತಿ ಮೂಟೆ ಎರಡು ವಾರ ಕಾಯುತ್ತದೆ, ಉಳ್ಳಾಗಡ್ಡಿ ಕಾಯಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಾಟ ಸೋಮವಾರ, ಗುರುವಾರ. ಸೀಜನ್ನಿನಲ್ಲಿ ಒಂದೇ ದಿನ ಲಕ್ಷಕ್ಕೂ ಜಾಸ್ತಿ ಚೀಲ ಬರುತ್ತವೆ. ಅಲ್ಲಿ ಹಮಾಲರು ಒಂದು ಗುರುವಾರ ಕೈ ಕಟ್ಟಿ ಕೂತರೆ ಮುಂದಿನ ಸೋಮವಾರದ ಮಾಲಿಗೆ ನೆಲವೇ ಇರುವುದಿಲ್ಲ.

ಆದರೆ ಈ ಬಲ ಇರೋದು ವ್ಯಾಪಾರ ಮಾರುಕಟ್ಟೆಯ ಗೇಟಿನ ಒಳಗೆ ನಡೆಯುವವರೆಗೆ. 2020ರಲ್ಲಿ ರಾಜ್ಯ ಸರ್ಕಾರ ಎಪಿಎಂಸಿ ಕಾಯ್ದೆ ತಿದ್ದಿ ಹೊರಗೂ ಖರೀದಿ ಮಾಡೋಕೆ ಬಿಟ್ಟಾಗ ರೈತರ ಜೊತೆ ಹಮಾಲರೂ ಯಾಕೆ ಬೀದಿಗೆ ಬಂದರು ಅನ್ನೋದು ಇದರಿಂದ ಅರ್ಥವಾಗುತ್ತದೆ. ಹೊಲದ ಬದುವಿನಲ್ಲೇ ಲಾರಿ ತುಂಬಿದರೆ ಯಾವ ಬಂದ್?

ಕಾನೂನು ಏನು ಹೇಳುತ್ತದೆ? ಬೇಗ ಹೇಳಿ ಮುಗಿಸುತ್ತೇನೆ. ಕಾರ್ಮಿಕ ಸಂಘ ನೋಂದಣಿಗೆ ಅರ್ಜಿ ಹಾಕೋಕೆ ಕನಿಷ್ಠ 7 ಜನ ಬೇಕು, 1926ರ ಕಾಯ್ದೆಯಿಂದ ಇದೇ ನಿಯಮ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ, ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕು. ಯಾರಿಗೆ? ಮಾಲೀಕರಿಗೆ. ಮತ್ತೆ ಮಾಮಾನ ಮಾತಿಗೇ ಬಂದೆವು.

ಇದಕ್ಕೆ ಮಹಾರಾಷ್ಟ್ರದವರು ಒಂದು ದಾರಿ ಕಂಡುಕೊಂಡರು. ಪುಣೆಯಲ್ಲಿ ಬಾಬಾ ಆಢಾವ್ ಹಮಾಲರನ್ನು ಒಟ್ಟುಗೂಡಿಸಿದರು, ಮುಂಬೈಯಲ್ಲಿ ಅಣ್ಣಾಸಾಹೇಬ ಪಾಟೀಲ. 1969ರಲ್ಲಿ ಮಾಥಾಡಿ ಕಾಯ್ದೆ ಬಂತು. ಮಾಥಾಡಿ ಅಂದರೆ ತಲೆ ಮೇಲೆ ಹೊರೆ ಹೊರುವವರು. ಮಾಲೀಕ ಯಾರು ಅಂತ ಹುಡುಕುತ್ತಾ ಕೂರಲಿಲ್ಲ ಅವರು. ವ್ಯಾಪಾರಿಗಳು, ಹಮಾಲರು, ಸರ್ಕಾರ ಮೂವರೂ ಇರುವ ಮಂಡಳಿ ಮಾಡಿದರು. ವ್ಯಾಪಾರಿ ಹಮಾಲಿಯನ್ನು ಮಂಡಳಿಗೆ ಕಟ್ಟುತ್ತಾರೆ, ಅದರ ಮೇಲೆ ಇಂತಿಷ್ಟು ಲೆವಿ, ಅಂದರೆ ಕೂಲಿಯ ಜೊತೆ ಕಟ್ಟಬೇಕಾದ ಹೆಚ್ಚುವರಿ ವಂತಿಗೆ. ಹಮಾಲರಿಗೆ ಮಂಡಳಿಯಿಂದ ಕೂಲಿ, ಲೆವಿ ದುಡ್ಡಿನಲ್ಲಿ ಪಿಎಫ್, ಗ್ರ್ಯಾಚುಟಿ, ರಜೆ. ಯಾವ ಅಂಗಡಿಯ ಚೀಲ ಹೊತ್ತರೂ ಲೆಕ್ಕ ಒಂದೇ ಖಾತೆಗೆ. ಅಲ್ಲೂ ನೋಂದಣಿ ತಪ್ಪಿಸೋ ವ್ಯಾಪಾರಿಗಳಿದ್ದಾರೆ, ದೇವಲೋಕ ಅಂತ ನಾನು ಹೇಳ್ತಿಲ್ಲ.

ನಮ್ಮಲ್ಲಿ ಅಸಂಘಟಿತ ಕಾರ್ಮಿಕರ ಮಂಡಳಿ ಇದೆ, ಹಮಾಲರಿಗೆ ಸ್ಮಾರ್ಟ್ ಕಾರ್ಡ್ ಕೊಡುತ್ತದೆ, ಅಪಘಾತವಾದರೆ ಪರಿಹಾರ ಇದೆ. ಆದರೆ ಬೆನ್ನು ಒಂದೇ ದಿನ ಮುರಿಯುವುದಿಲ್ಲವಲ್ಲ, ಇಪ್ಪತ್ತು ವರ್ಷ ಹಿಡಿಯುತ್ತದೆ. ಅದಕ್ಕೆ ಬೇಕಾದ್ದು ಪಿಂಚಣಿ. ನನ್ನ ಕೇಳಿದರೆ, ಚೀಲಕ್ಕೆ 2 ರೂಪಾಯಿ ಜಾಸ್ತಿ ಅನ್ನೋ ಬೇಡಿಕೆಗಿಂತ ಲೆವಿಯ ಬೇಡಿಕೆ ಮೊದಲು ಬರಬೇಕು. 2 ರೂಪಾಯಿಯನ್ನು ಎರಡೇ ವರ್ಷದಲ್ಲಿ ಸಂತೆ ನುಂಗುತ್ತದೆ.

(ದೃಶ್ಯ: ಬ್ಯಾಡಗಿ. ಮೆಣಸಿನಕಾಯಿ ರಾಶಿಯ ಸುತ್ತ ಕೂತ ಮಹಿಳೆಯರು. ಕೆಮ್ಮಿನ ಸದ್ದು.)

ಈ ಅಕ್ಕಂದಿರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ. ಇವರಿಗೂ ದಿನದ ಕೂಲಿ ಇಲ್ಲ, ಕೆಜಿಗೆ ಇಷ್ಟು ಅಂತ. ಘಾಟು ಮೂಗಿಗೆ, ಉರಿ ಕೈಗೆ. ಮನೆಗೆ ಹೋಗಿ ಕೂಸನ್ನು ಎತ್ತಿಕೊಳ್ಳೋಕೂ ಹಿಂದೆ ಮುಂದೆ ನೋಡಬೇಕು. ಹಮಾಲರಿಗೆ ಲೈಸೆನ್ಸ್ ಆದರೂ ಇದೆ. ಇವರಿಗೆ ಅದೂ ಇಲ್ಲ. ಹಮಾಲರ ಮೆರವಣಿಗೆಯಲ್ಲಿ ಇವರು ಜಾಸ್ತಿ ಕಾಣೋದೂ ಇಲ್ಲ. ಮುಂದಿನ ವಿಡಿಯೋ ಇವರದ್ದು, ಒಂದು ಗುರುವಾರ ಪೂರ್ತಿ ಜೊತೆಗೆ ಕೂತು ಚಿತ್ರೀಕರಿಸುತ್ತೇವೆ. ನಿಮ್ಮ ಮನೆಯಲ್ಲಿ ಅಮ್ಮನೋ ಅಕ್ಕನೋ ಈ ಕೆಲಸಕ್ಕೆ ಹೋಗುತ್ತಿದ್ದರೆ, ಈ ಸೀಜನ್ನಿಗೆ ಕೆಜಿಗೆ ಎಷ್ಟು ಕೊಟ್ಟರು ಅಂತ ಕೆಳಗೆ ಬರೆಯಿರಿ. ಹೆಸರು ಬೇಡ, ರೇಟು ಸಾಕು.