ಹಸಿ ಸಿಮೆಂಟಿನ ಹೆಜ್ಜೆ

ಕೇಳುಗರಿಗೆಲ್ಲಾ ನಮಸ್ಕಾರ. ನಮ್ಮ ಮನೆ ಇರುವುದು ಕೊಡಗಿನ ಸಿದ್ದಾಪುರದ ಹತ್ತಿರ, ತೋಟದೊಳಗೆ. ಅಂಗಳದ ಕೆಳಗೆ ಕಾಫಿ ಒಣಗಿಸುವ ಕಣ. ಅದಕ್ಕೆ ಸಿಮೆಂಟ್ ಹಾಕಿಸಿದ ದಿನ ಸಂಜೆ, ಇನ್ನೂ ಹಸಿ ಇರುವಾಗಲೇ, ನನ್ನ ಮಗಳು ಬರಿಗಾಲಲ್ಲಿ ಅದರ ಮೇಲೆ ನಡೆದುಬಿಟ್ಟಳು. ಹಿಂದೆಯೇ ನಾಯಿ. ಮೇಸ್ತ್ರಿ ಕೂಗುವಷ್ಟರಲ್ಲಿ ಐದು ಹೆಜ್ಜೆ ಬಿದ್ದಾಗಿತ್ತು. ಆಗ ಅವಳಿಗೆ ನಾಲ್ಕು ವರ್ಷ. ಈಗ ಅವಳ ಮಗನೇ ಶಾಲೆಗೆ ಹೋಗುತ್ತಾನೆ, ಆದರೆ ಆ ಹೆಜ್ಜೆಗಳು ಹಾಗೇ ಇವೆ. ಹಿಮ್ಮಡಿ ಊರಿದ ಕುಳಿ, ಹೆಬ್ಬೆರಳು ಒತ್ತಿದ ಕುಳಿ, ಎರಡೂ ಸ್ಪಷ್ಟ. ಪ್ರತಿ ವರ್ಷ ಕಾಫಿ ಹರಡಿದಾಗ ಒಂದೆರಡು ಹಣ್ಣು ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಬೆರಳು ಹಾಕಿ ತೆಗೆಯಬೇಕು.

ಇವತ್ತು ಇಂಥದ್ದೇ ಇನ್ನೊಂದು ಹೆಜ್ಜೆಯ ವಿಷಯ ಹೇಳಬೇಕು. ಅದು ಬಿದ್ದು ಸುಮಾರು 36 ಲಕ್ಷ ವರ್ಷ ಆಗಿದೆ.

ಜಾಗ ಆಫ್ರಿಕಾದ ಟಾಂಜಾನಿಯಾ ದೇಶದ ಲೇಟೋಲಿ. 1976ರಲ್ಲಿ ಅಲ್ಲಿ ಮೇರಿ ಲೀಕಿ ಅವರ ತಂಡ ಹಳೆಯ ಮೂಳೆ ಹುಡುಕುತ್ತಿತ್ತು. ಒಂದು ದಿನ ಆ ಕಡೆ ಬಂದಿದ್ದ ಕೆಲವರು ಒಣಗಿದ ಆನೆ ಲದ್ದಿ ಎಸೆದಾಡುತ್ತಾ ಆಟ ಆಡುತ್ತಿದ್ದರು. ಆಂಡ್ರ್ಯೂ ಹಿಲ್ ಅನ್ನುವವರು ಏಟು ತಪ್ಪಿಸಿಕೊಳ್ಳಲು ಹೋಗಿ ನೆಲಕ್ಕೆ ಬಿದ್ದರು. ಬಿದ್ದಲ್ಲಿಂದ ಕಣ್ಣು ಬಿಟ್ಟು ನೋಡಿದರೆ ಗಟ್ಟಿ ನೆಲದಲ್ಲಿ ಪ್ರಾಣಿಗಳ ಹೆಜ್ಜೆ ಗುರುತು! ನಮ್ಮ ಕಡೆ ತೋಟದ ದಾರಿಯಲ್ಲಿ ಹಸಿ ಲದ್ದಿ ಕಂಡರೆ ಕೆಲಸಕ್ಕೆ ಹೊರಟವರು ಲೈನ್ ಮನೆಗೆ ವಾಪಸ್ ಹೋಗುತ್ತಾರೆ. ಅಲ್ಲಿ ಅದೇ ಲದ್ದಿಯಿಂದ ಇಷ್ಟು ದೊಡ್ಡ ವಿಷಯ ಹೊರಗೆ ಬಂತು. ಎರಡು ವರ್ಷ ಕಳೆದು, 1978ರಲ್ಲಿ, ಅದೇ ಪದರದಲ್ಲಿ ಎರಡು ಕಾಲಲ್ಲಿ ನಡೆದವರ ಸಾಲು ಸಿಕ್ಕಿತು. ಸುಮಾರು 27 ಮೀಟರ್ ಉದ್ದ, 70ರಷ್ಟು ಹೆಜ್ಜೆ.

ಅದು ಉಳಿದದ್ದು ಹೇಗೆ ಅಂದರೆ, ನಮ್ಮ ಕಣದ ಹಾಗೆಯೇ. ಜ್ವಾಲಾಮುಖಿಯ ಬೂದಿ ನೆಲದ ಮೇಲೆ ತೆಳ್ಳಗೆ ಬಿದ್ದಿತ್ತು. ಮೇಲೆ ಸಣ್ಣ ಮಳೆ ಬಂತು. ಬೂದಿ ನೆನೆದು ಹಸಿ ಸಿಮೆಂಟಿನಂತಾಯಿತು. ಅದರ ಮೇಲೆ ಅವರು ನಡೆದರು, ಆನೆ ಜಾತಿಯವು, ಜಿರಾಫೆ, ಮೊಲ ಎಲ್ಲಾ ಓಡಾಡಿದವು, ಬಿಸಿಲಿಗೆ ಒಣಗಿ ಗಟ್ಟಿಯಾಯಿತು, ಆಮೇಲೆ ಇನ್ನಷ್ಟು ಬೂದಿ ಬಿದ್ದು ಮುಚ್ಚಿಕೊಂಡಿತು. ಆವತ್ತು ಬಿದ್ದ ಮಳೆ ಹನಿಯ ಗುರುತು ಕೂಡ ಅಲ್ಲಿ ಉಳಿದಿದೆ. ಇದನ್ನು ಯೋಚಿಸಿದಾಗಲೆಲ್ಲಾ ನನಗೆ ಮೈ ಜುಮ್ ಅನ್ನುತ್ತದೆ.

ಆ ಹೆಜ್ಜೆಯಲ್ಲಿ ಹೆಬ್ಬೆರಳು ಉಳಿದ ಬೆರಳುಗಳ ಸಾಲಿನಲ್ಲೇ ಇದೆ. ನಮ್ಮ ಸೀಬೆ ಮರಕ್ಕೆ ಬರುವ ಕೋತಿಯ ಪಾದ ನೋಡಿ. ಅದರ ಹೆಬ್ಬೆರಳು ಕೈಯ ಹೆಬ್ಬೆರಳಿನ ಹಾಗೆ ಪಕ್ಕಕ್ಕೆ ಚಾಚಿರುತ್ತದೆ, ಕೊಂಬೆ ಹಿಡಿಯಲಿಕ್ಕೆ. ಚಿಂಪಾಂಜಿಯದ್ದೂ ಹಾಗೇ. ಲೇಟೋಲಿಯವರು ಮೊದಲು ಹಿಮ್ಮಡಿ ಊರಿ, ಕೊನೆಗೆ ಬೆರಳಿನಿಂದ ನೆಲ ತಳ್ಳಿ, ನಮ್ಮ ಹಾಗೆಯೇ ಮುಂದೆ ಹೋಗಿದ್ದಾರೆ.

ಆದರೆ ಅವರ ತಲೆ ನಮ್ಮ ಹಾಗಿರಲಿಲ್ಲ. 1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಸಿಕ್ಕಿದ ಲೂಸಿ ಹೆಸರು ನೀವು ಕೇಳಿರಬಹುದು. ಸುಮಾರು 32 ಲಕ್ಷ ವರ್ಷ ಹಳೆಯ ಹೆಣ್ಣಿನ ಮೂಳೆಗಳು, ಮೈಯ ಮೂಳೆಯಲ್ಲಿ ನೂರಕ್ಕೆ ಹೆಚ್ಚುಕಡಿಮೆ 40 ಭಾಗ ಸಿಕ್ಕಿದೆ. ಎತ್ತರ ಮೂರೂವರೆ ಅಡಿ. ಲೇಟೋಲಿಯಲ್ಲಿ ನಡೆದವರೂ ಅವಳ ಜಾತಿಯವರೇ ಅಂತ ಹೆಚ್ಚಿನವರ ಅಭಿಪ್ರಾಯ. ಆ ಜಾತಿಯವರ ಮಿದುಳು 450 ಸಿಸಿ ಆಸುಪಾಸು, ಚಿಂಪಾಂಜಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಮ್ಮದು ಸುಮಾರು 1350. ಅಂದರೆ ಮನುಷ್ಯ ಆಗುವ ಕೆಲಸ ಶುರುವಾದದ್ದು ತಲೆಯಿಂದಲ್ಲ, ಪಾದದಿಂದ!

ಇದನ್ನು ಒಪ್ಪಿಕೊಳ್ಳಲು ದೊಡ್ಡ ದೊಡ್ಡ ವಿದ್ವಾಂಸರಿಗೇ ಕಷ್ಟವಾಗಿತ್ತು. ಬುದ್ಧಿ ಮೊದಲು, ಮಿಕ್ಕಿದ್ದೆಲ್ಲಾ ಆಮೇಲೆ ಅಂತ ಅವರ ನಂಬಿಕೆ. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ಸಿಕ್ಕಿತು ಅಂತ ಒಂದು ತಲೆಬುರುಡೆ ತೋರಿಸಿದರು, ದೊಡ್ಡ ಮಿದುಳು, ವಾನರನ ದವಡೆ. ಬೇಕಾಗಿದ್ದು ಅದೇ ಆದ್ದರಿಂದ ತುಂಬಾ ಜನ ನಂಬಿದರು. 1925ರಲ್ಲಿ ರೇಮಂಡ್ ಡಾರ್ಟ್ ದಕ್ಷಿಣ ಆಫ್ರಿಕಾದ ಟಾಂಗ್‌ನಲ್ಲಿ ಸಿಕ್ಕಿದ ಮಗುವಿನ ಬುರುಡೆಯ ಬಗ್ಗೆ ಬರೆದು, ಮಿದುಳು ಸಣ್ಣದು ಆದರೆ ಇದು ನೆಟ್ಟಗೆ ನಡೆದ ಜೀವ ಅಂದಾಗ ಅವರ ಮಾತಿಗೆ ಬೆಲೆ ಸಿಗಲಿಲ್ಲ. ಪಿಲ್ಟ್‌ಡೌನ್ ಬುರುಡೆ ಮೋಸದ್ದು, ಮನುಷ್ಯನ ತಲೆಗೆ ಒರಾಂಗುಟಾನ್ ದವಡೆ ಸೇರಿಸಿದ್ದು ಅಂತ ಬಯಲಾದದ್ದು 1953ರಲ್ಲಿ. ಸುಮ್ನೆ 40 ವರ್ಷ ಹಾಳಾಯಿತು.

ಯಾಕೆ ಎದ್ದು ನಿಂತರು? ಒಂದೇ ಕಾರಣ ಇರಲಾರದು. ಕೋತಿ ನಮ್ಮ ಅಂಗಳದಿಂದ ಎರಡು ಕೈಯಲ್ಲೂ ಬಾಳೆಹಣ್ಣು ಬಾಚಿಕೊಂಡಾಗ ಏನು ಮಾಡುತ್ತದೆ, ನೋಡಿದ್ದೀರಾ? ನಾಲ್ಕು ಹೆಜ್ಜೆ ಎರಡೇ ಕಾಲಲ್ಲಿ ಓಡುತ್ತದೆ. ಗಿನಿ ದೇಶದ ಚಿಂಪಾಂಜಿಗಳೂ ಅಪರೂಪದ ಕಾಯಿ ಸಿಕ್ಕರೆ ಕೈತುಂಬಾ ಹಿಡಿದು ಹಾಗೇ ನಡೆಯುತ್ತವೆ. ಕಾಡು ಕಡಿಮೆಯಾಗಿ ಮರದಿಂದ ಮರಕ್ಕೆ ದೂರ ಹೆಚ್ಚಾದಾಗ ಖರ್ಚೂ ಲೆಕ್ಕಕ್ಕೆ ಬರುತ್ತದೆ. ಚಿಂಪಾಂಜಿಯ ನಡಿಗೆಗೆ ಹೋಲಿಸಿದರೆ ನಮ್ಮ ನಡಿಗೆಗೆ ಬೇಕಾದ ಶಕ್ತಿ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ. ಕೈ ಖಾಲಿಯಾದ ಮೇಲೆ ಕಲ್ಲು ಬಂತು. ಕೀನ್ಯಾದ ಲೊಮೆಕ್ವಿಯಲ್ಲಿ 33 ಲಕ್ಷ ವರ್ಷದ ಕಲ್ಲಿನ ಆಯುಧ ಸಿಕ್ಕಿದೆ. ನಮ್ಮ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲೂ ಸುಮಾರು 12 ಲಕ್ಷ ವರ್ಷ ಹಿಂದೆ ಸುಣ್ಣಕಲ್ಲು ಒಡೆದು ಕೈಕೊಡಲಿ ಮಾಡಿದ ಜಾಗ ಇದೆ. ನಮ್ಮ ಜಾತಿ ಬಂದದ್ದು ತುಂಬಾ ಈಚೆಗೆ, ಮೊರಾಕೋದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕಿದ ಹಳೆಯ ಗುರುತಿಗೇ 3 ಲಕ್ಷ ವರ್ಷ.

ನೆಟ್ಟಗೆ ನಿಂತದ್ದಕ್ಕೆ ನಾವು ಈಗಲೂ ಬೆಲೆ ತೆರುತ್ತಿದ್ದೇವೆ. ಮೂಟೆ ಹೊತ್ತವರ ಸೊಂಟ ಕೇಳಿ, ಇಳಿಜಾರಿನಲ್ಲಿ ದಿನವಿಡೀ ಕಾಫಿ ಕೊಯ್ದವರ ಮೊಣಕಾಲು ಕೇಳಿ. ನಾಲ್ಕು ಕಾಲಿಗೆ ಕಟ್ಟಿದ ಬೆನ್ನನ್ನು ನಿಲ್ಲಿಸಿ ಭಾರ ಹೊರಿಸಿದ್ದು ಅದು. ಹೆಂಗಸರದ್ದು ಇನ್ನೂ ಕಷ್ಟ. ನಡೆಯಲಿಕ್ಕೆ ಅಂತ ಸೊಂಟದ ಮೂಳೆ ಒಂದು ಆಕಾರಕ್ಕೆ ಬಂತು, ಲಕ್ಷಾಂತರ ವರ್ಷ ಆದ ಮೇಲೆ ಮಗುವಿನ ತಲೆ ದೊಡ್ಡದಾಗುತ್ತಾ ಹೋಯಿತು, ಆ ತಲೆ ಅದೇ ದಾರಿಯಲ್ಲಿ ತಿರುಗಿ ತಿರುಗಿ ಹೊರಗೆ ಬರಬೇಕು. ಹೆರಿಗೆಗೆ ಇನ್ನೊಬ್ಬರು ಪಕ್ಕದಲ್ಲಿ ಬೇಕೇ ಬೇಕು ಅನ್ನುವುದು ಅಲ್ಲಿಂದ ಬಂದಿರಬೇಕು. ಸೂಲಗಿತ್ತಿಯ ಕೆಲಸಕ್ಕಿಂತ ಹಳೆಯ ಕೆಲಸ ಮನುಷ್ಯರಲ್ಲಿ ಜಾಸ್ತಿ ಇಲ್ಲ ಅಂತ ನನಗೆ ಅನಿಸುತ್ತದೆ.

ಮೊಮ್ಮಗ ಒಮ್ಮೆ ಕೇಳಿದ, 'ತಾತ, ಮಂಗನಿಂದ ಮನುಷ್ಯ ಆದ ಅಂದ್ರೆ ಈ ಮಂಗಗಳು ಯಾಕೆ ಹಾಗೇ ಉಳಿದವು?' ನಾನು ಹೇಳಿದೆ, 'ಒಂದೇ ಐನ್‌ಮನೆಯಿಂದ, ಹಿರಿಯರ ಮೂಲ ಮನೆಯಿಂದ, ಬೇರೆಯಾದ ಎರಡು ಸಂಸಾರ ಇರುತ್ತಲ್ಲ ಮಗಾ, ಒಬ್ಬರು ಇನ್ನೊಬ್ಬರ ಮಕ್ಕಳಾ? ಅಲ್ವಲ್ಲ. ಇಬ್ಬರಿಗೂ ಹಿರಿಯರು ಒಬ್ಬರೇ.' ನಾವು ಮತ್ತು ಚಿಂಪಾಂಜಿ ಬೇರೆಯಾಗಿ ಸುಮಾರು 60-70 ಲಕ್ಷ ವರ್ಷ. ಸೀಬೆ ಮರದ ಕೋತಿ ಇನ್ನೂ ದೂರದ ನೆಂಟ, ಎರಡೂವರೆ ಕೋಟಿ ವರ್ಷಕ್ಕೂ ಹಿಂದೆಯೇ ಪಾಲಾದವರು.

ಲೇಟೋಲಿಯ ಆ ಸಾಲನ್ನು ಈಗ ಹೋಗಿ ನೋಡಲು ಆಗುವುದಿಲ್ಲ. ಹಾಳಾಗದಿರಲಿ ಅಂತ 1979ರಲ್ಲೇ ಮಣ್ಣು ಮುಚ್ಚಿದರು. ಆ ಮಣ್ಣಿನಲ್ಲಿ ಜಾಲಿ ಬೀಜ ಇತ್ತು. ಗಿಡ ಎದ್ದು ಬೇರು ಹೆಜ್ಜೆಯ ಪದರಕ್ಕೆ ಇಳಿಯಿತು. 1990ರ ದಶಕದಲ್ಲಿ ಮತ್ತೆ ಅಗೆದು, ಬೇರು ಬಿಡಿಸಿ, ಇನ್ನೂ ಜೋಪಾನವಾಗಿ ಮುಚ್ಚಬೇಕಾಯಿತು.

ನಮ್ಮ ಕಣದ ಆ ಮೂಲೆಯ ಹತ್ತಿರವೂ ಒಂದು ಸಿಲ್ವರ್ ಓಕ್ ಬೆಳೆದಿತ್ತು. ಸಿಮೆಂಟ್ ಸಣ್ಣಗೆ ಬಿರುಕು ಬಿಡಲು ಶುರುವಾಗಿತ್ತು. ಈ ಮಳೆಗಾಲಕ್ಕೆ ಮುಂಚೆ ಆ ಮರ ಕಡಿಸಿದೆ.