ಖಾರದ ಹಿಂದೆ ಬಿದ್ದು ಜರ್ಕ್ ಚಿಕನ್ ಕೆಡಿಸಬೇಡಿ

ಕಬಾಬ್ ಮಸಾಲೆಗೆ ಎರಡು ಚಮಚ ಖಾರದ ಪುಡಿ ಜಾಸ್ತಿ ಸುರಿದು ‘ಜರ್ಕ್ ಚಿಕನ್’ ಅಂತ ಮೆನುವಲ್ಲಿ ಬರೆಯೋರ ಮೇಲೆ ನನ್ನ ತಕರಾರಿದೆ. ಜರ್ಕ್ ಅಂದ್ರೆ ಮಸಾಲೆ ಸವರಿದ ಮಾಂಸವನ್ನ ಕೆಂಡ, ಹೊಗೆಯಲ್ಲಿ ಬೇಯಿಸೋ ಜಮೈಕಾದ ಅಡುಗೆ. ಅಲ್ಲಿ ಜರ್ಕ್‌ನ ಜೀವ ಆಲ್‌ಸ್ಪೈಸ್. ಒಂದು ಮರದ ಒಣಗಿಸಿದ ಕಾಯಿ ಅದು, ಅಲ್ಲಿ ಅದರ ಹೆಸರು ಪಿಮೆಂಟೊ. ಅಲ್ಲಿನ ಬೋಸ್ಟನ್ ಬೇ ಕಡೆ ಆ ಮರದ ಹಸಿ ಕೋಲುಗಳನ್ನೇ ಕೆಂಡದ ಮೇಲೆ ಹಾಸಿ, ಅದರ ಮೇಲೆ ಮಾಂಸ ಇಟ್ಟು, ತಗಡು ಮುಚ್ಚಿ ಬೇಯಿಸ್ತಾರೆ. ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಬೆಟ್ಟ ಸೇರಿದ ಮರೂನರು ಕಾಡುಹಂದಿಗೆ ಮಾಡ್ತಿದ್ದ ಅಡುಗೆ ಇದು. ಕೋಳಿ ಆಮೇಲೆ ಬಂತು.

ಒಂದೂವರೆ ಕೆಜಿ ಕೋಳಿ ತಗೊಳ್ಳಿ, ಚರ್ಮ ಸುಲಿಸಬೇಡಿ. ಸುಲಿದ ಕೋಳಿ ಈ ಶಾಖಕ್ಕೆ ಒಣಗಿ ನಾರಾಗುತ್ತೆ. ಬೆನ್ನುಮೂಳೆ ಕತ್ತರಿಸಿ ತೆಗೆದು ಅಗಲಕ್ಕೆ ಬಿಡಿಸಿ. ಮಸಾಲೆಗೆ ಒಂದು ದೊಡ್ಡ ಚಮಚ ಆಲ್‌ಸ್ಪೈಸ್ ಕಾಳು, ಆರು ಎಳೆ ಈರುಳ್ಳಿ ಸೊಪ್ಪು, ಆರು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಒಂದು ದೊಡ್ಡ ಚಮಚ ಹಸಿ ಥೈಮ್ ಎಲೆ, ಕಾಲು ಚಮಚ ಜಾಯಿಕಾಯಿ, ಎರಡು ದೊಡ್ಡ ಚಮಚ ಸೋಯಾ ಸಾಸ್, ಅಷ್ಟೇ ಎಣ್ಣೆ, 15 ಗ್ರಾಂ ಉಪ್ಪು, ಒಂದು ಚಮಚ ಬೆಲ್ಲದ ಪುಡಿ. ಮೆಣಸಿನಕಾಯಿ ಎರಡು ಸ್ಕಾಚ್ ಬಾನೆಟ್, ಸಿಗದಿದ್ರೆ ಹಬನೇರೊ. ಬ್ಯಾಡಗಿ ಬಣ್ಣ ಕೊಡುತ್ತೆ, ಇವುಗಳ ಹಣ್ಣಿನಂಥ ಘಮ ಕೊಡಲ್ಲ. ಗರಂ ಮಸಾಲ ಮಾತ್ರ ದಯವಿಟ್ಟು ಬೇಡ. ತರಿತರಿಯಾಗಿ ರುಬ್ಬಿ, ಚರ್ಮದ ಕೆಳಗೂ ಸವರಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ನಿಂಬೆರಸ ಕಡೆಗೆ ಹಿಂಡಿ. ಮೊದಲೇ ಜಾಸ್ತಿ ಹಾಕಿಟ್ರೆ ಮಾಂಸದ ಮೇಲ್ಪದರ ಮೆತ್ತಗಾಗುತ್ತೆ.

ಹೆಚ್ಚಿನವರು ಕೆಡಿಸೋದು ಬೆಂಕಿ ಹತ್ರ. ಬೆಲ್ಲ ಇರೋ ಮಸಾಲೆ ನೇರ ಉರಿಗೆ ಸಿಕ್ಕಿದ್ರೆ ಹತ್ತೇ ನಿಮಿಷಕ್ಕೆ ಕರಕಲು, ಒಳಗೆ ಮೂಳೆ ಹತ್ರ ರಕ್ತ. ಕೆಂಡ ಒಂದು ಪಕ್ಕಕ್ಕೆ ಸರಿಸಿ, ಕೋಳಿ ಇನ್ನೊಂದು ಪಕ್ಕ ಇಡಿ, ಮುಚ್ಚಳ ಹಾಕಿ. ಮುಚ್ಚಳದೊಳಗಿನ ಶಾಖ 150–160 ಡಿಗ್ರಿ ಸೆಲ್ಸಿಯಸ್ ಇದ್ರೆ ಸಾಕು. ಪಿಮೆಂಟೊ ಕಟ್ಟಿಗೆ ಸಿಗೋದು ಕಷ್ಟ, ಹಾಗಾಗಿ ಅರ್ಧ ಗಂಟೆ ನೆನೆಸಿದ ಆಲ್‌ಸ್ಪೈಸ್ ಕಾಳನ್ನ ಸ್ವಲ್ಪ ಸ್ವಲ್ಪವೇ ಕೆಂಡಕ್ಕೆ ಉದುರಿಸಿ. ಸುಮಾರು ಒಂದೂಕಾಲು ಗಂಟೆ ಬೇಕು, ಆದ್ರೆ ಗಡಿಯಾರ ನಂಬಬೇಡಿ, ಥರ್ಮಾಮೀಟರ್ ಚುಚ್ಚಿ: ಎದೆಭಾಗ 74, ತೊಡೆ 80 ದಾಟಿರಬೇಕು. ಚರ್ಮ ಗರಿಗರಿ ಆಗೋಕೆ ಕೊನೇ ಮೂರ್ನಾಲ್ಕು ನಿಮಿಷ ಮಾತ್ರ ಕೆಂಡದ ಮೇಲೆ, ಅಲ್ಲೇ ನಿಂತು ನೋಡ್ತಾ.

ಹತ್ತು ನಿಮಿಷ ಬಿಟ್ಟು ಮೂಳೆ ಸಮೇತ ಕೊಚ್ಚಿ. ಹಸಿ ಕೋಳಿ ನೆನೆದ ಮಸಾಲೆ ಪಾತ್ರೇಲಿ ಉಳಿದಿದ್ರೆ, ಚೆನ್ನಾಗಿ ಕುದಿಸದೆ ಸಾಸ್ ಅಂತ ಬಡಿಸಬೇಡಿ.